ದಡದಲ್ಲಿ ಸಿಕ್ಕವರು ಯಾವ ಭಾಷೆ ಆಡಿದರು?

ನಿಮ್ಮ ಮಗಳು ಬೆಳಗಿನಿಂದ ಗಟ್ಟಿಯಾಗಿ ಓದುತ್ತಿರುವುದು ಬೇಲಿಯ ಈಚೆಗೂ ಕೇಳಿಸುತ್ತಿದೆ ಅಕ್ಕಾ. ಪ್ರಥಮ ಪಿಯುಸಿಯ ಇತಿಹಾಸ ಅಲ್ಲವಾ? ಈಜಿಪ್ಟು, ಮೆಸೊಪೊಟೇಮಿಯ, ಚೀನಾ, ಗ್ರೀಸು, ರೋಮು ಎಲ್ಲ ದಾಟಿ ಈಗ ಭೌಗೋಳಿಕ ಅನ್ವೇಷಣೆಗಳ ಹತ್ತಿರ ಬಂದು ನಿಂತಿದ್ದಾಳೆ. ಕೊಲಂಬಸ್ ಅಮೆರಿಕ ಕಂಡುಹಿಡಿದ, ವಾಸ್ಕೋ ಡ ಗಾಮ ಭಾರತಕ್ಕೆ ಜಲಮಾರ್ಗ ಕಂಡುಹಿಡಿದ ಅಂತ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಾಳೆ. ಅದನ್ನು ಕೇಳಿ ನನಗೆ ಸುಮ್ಮನೆ ಕೂರಲು ಆಗಲಿಲ್ಲ.

"ಬಾಯಿಪಾಠ ಮಾಡದೆ ಮತ್ತೆಂತ ಮಾಡೂದು? ಪರೀಕ್ಷೆ ಬಂತಲ್ಲ" ಅಂತೀರಿ. ಸರಿಯೇ. ಐದು ಸಾವಿರ ವರ್ಷವನ್ನು ಒಂದು ವರ್ಷದಲ್ಲಿ ಮುಗಿಸಬೇಕಾದ ಮಕ್ಕಳ ಮೇಲೆ ನನಗೆ ಕನಿಕರವಿದೆ. ನನ್ನ ತಕರಾರು ಪುಸ್ತಕದ ಏರ್ಪಾಡಿನ ಮೇಲೆ. ಒಂದೊಂದು ನಾಗರಿಕತೆಗೆ ಒಂದೊಂದು ಅಧ್ಯಾಯ, ಅದಕ್ಕೊಂದು ನದಿ, ಒಂದು ಲಿಪಿ, ನಾಲ್ಕು ಕೊಡುಗೆಗಳು. ಹೀಗೆ ಓದಿದ ಮಗುವಿಗೆ ಈ ಜನರೆಲ್ಲ ಒಬ್ಬರನ್ನೊಬ್ಬರು ನೋಡಿಯೇ ಇರಲಿಲ್ಲ, ಹದಿನೈದನೆಯ ಶತಮಾನದಲ್ಲಿ ಯುರೋಪಿನವರು ಹಡಗು ಹತ್ತಿ ಬಂದ ಮೇಲೆಯೇ ಲೋಕಕ್ಕೆ ಲೋಕದ ಪರಿಚಯವಾಯಿತು ಅನ್ನಿಸಿಬಿಡುತ್ತದೆ. ಅದು ನಿಜವಲ್ಲ. ಅವಳನ್ನೂ ಕರೆಯಿರಿ, ಹತ್ತು ನಿಮಿಷ ಪುಸ್ತಕ ಮಡಚಿಟ್ಟು ಬರಲಿ.

ಬಾ ತಂಗಿ. ನಾನು ಇತಿಹಾಸ ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓದುತ್ತೇನೆ. ಯಾರೋ ದೂರದಿಂದ ಬಂದು ದಡಕ್ಕೆ ಇಳಿದರು ಎಂದು ಬರೆದಿದ್ದರೆ, ಅವರಿಗೆ ಅಲ್ಲಿ ಎದುರಾದವರು ಯಾರು, ಇಬ್ಬರೂ ಯಾವ ಭಾಷೆಯಲ್ಲಿ ಮಾತಾಡಿಕೊಂಡರು ಎಂದು ಹುಡುಕುತ್ತೇನೆ. ಮಾತು ನಡೆಯಿತು ಅಂದರೆ ನಡುವೆ ಒಬ್ಬ ದುಭಾಷಿ ಇದ್ದ ಅಂತಾಯಿತು. ದುಭಾಷಿ ಇದ್ದ ಅಂದರೆ ಅದಕ್ಕಿಂತ ಮೊದಲೇ ಹೋಗಿಬರುವ ದಾರಿ ಇತ್ತು ಅಂತಾಯಿತು. ಈ ಒಂದು ಪ್ರಶ್ನೆಯಿಂದ ಎಷ್ಟೋ ಗಂಟು ಬಿಚ್ಚಿಕೊಳ್ಳುತ್ತವೆ.

ಮೆಸೊಪೊಟೇಮಿಯದಿಂದಲೇ ನೋಡು. ಕ್ರಿ.ಪೂ. 2300ರ ಸುಮಾರಿಗೆ ಅಕ್ಕಾದಿನ ಸಾರ್ಗಾನ್ ದೊರೆ, ದಿಲ್ಮುನ್, ಮಗನ್, ಮೆಲುಹ್ಹ ದೇಶಗಳ ಹಡಗುಗಳು ತನ್ನ ಕಟ್ಟೆಗೆ ಬಂದು ನಿಲ್ಲುತ್ತವೆ ಎಂದು ಹೆಮ್ಮೆಯಿಂದ ಬರೆಸಿಕೊಂಡಿದ್ದಾನೆ. ದಿಲ್ಮುನ್ ಈಗಿನ ಬಹ್ರೇನ್, ಮಗನ್ ಒಮಾನ್ ಕಡೆ, ಮೆಲುಹ್ಹ ಅಂದರೆ ನಮ್ಮ ಸಿಂಧೂ ಕಣಿವೆ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಊರ್ ನಗರದ ರಾಜಸಮಾಧಿಗಳಲ್ಲಿ ಸಿಂಧೂ ಕಡೆಯ ಕೆಂಪು ಮಣಿಗಳು ಸಿಕ್ಕಿವೆ. ಅದಕ್ಕಿಂತ ನನ್ನ ಮನಸ್ಸು ಸೆಳೆದದ್ದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಒಂದು ಉರುಳೆ ಮುದ್ರೆ. ಪುಟ್ಟ ಕಲ್ಲು. ಹಸಿ ಜೇಡಿಯ ಮೇಲೆ ಉರುಳಿಸಿದರೆ ಚಿತ್ರವೂ ಅಕ್ಷರವೂ ಮೂಡುತ್ತವೆ. ಅದರ ಒಡೆಯ ಶು-ಇಲಿಶು ಎಂಬವನು. ಅವನ ಉದ್ಯೋಗ ಏನೆಂದು ಮುದ್ರೆಯಲ್ಲೇ ಇದೆ: ಮೆಲುಹ್ಹದ ಭಾಷೆಯ ದುಭಾಷಿ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಮೆಸೊಪೊಟೇಮಿಯದಲ್ಲಿ ಒಬ್ಬ ಮನುಷ್ಯ ಸಿಂಧೂ ಜನರ ಮಾತು ಕಲಿತು ಅದರಿಂದಲೇ ಹೊಟ್ಟೆ ಹೊರೆದುಕೊಳ್ಳುತ್ತಿದ್ದ! ಸಿಂಧೂ ಲಿಪಿ ಇವತ್ತಿಗೂ ಓದಲು ಬಂದಿಲ್ಲ. ಆ ಭಾಷೆ ಬಲ್ಲವನೆಂದು ಹೆಸರು ಸಮೇತ ನಮಗೆ ಗೊತ್ತಿರುವವನು ಇವನೊಬ್ಬನೇ.

ಅದೇ ಊರ್ ನಗರದಲ್ಲಿ ಸಿಕ್ಕಿದ, ಕ್ರಿ.ಪೂ. 1750ರ ಸುಮಾರಿನ ಒಂದು ಮಣ್ಣಿನ ಹಲಗೆ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ನನ್ನಿ ಎಂಬ ಗಿರಾಕಿ ಏಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಬರೆದ ಜಗಳದ ಪತ್ರ ಅದು. ಕೊಟ್ಟ ಮಾತಿನಂತೆ ಒಳ್ಳೆಯ ತಾಮ್ರ ಕೊಡಲಿಲ್ಲ, ಹಣ ಕೇಳಲು ಶತ್ರುಗಳ ಸೀಮೆ ದಾಟಿ ಬಂದ ನನ್ನ ಆಳುಗಳನ್ನು ಅವಮಾನ ಮಾಡಿ ಬರಿಗೈಯಲ್ಲಿ ಕಳಿಸಿದೆ ಎಂದು ಅವನ ಸಿಟ್ಟು. ಆ ವ್ಯಾಪಾರಿ ತಾಮ್ರ ತರುತ್ತಿದ್ದದ್ದು ದಿಲ್ಮುನ್‌ನಿಂದ, ಸಮುದ್ರದ ಮೇಲೆ. ಮೆಸೊಪೊಟೇಮಿಯ ಅಂದರೆ ಜಿಗ್ಗುರಾತ್ ಎಂದಷ್ಟೇ ಬರೆದು ಮುಂದೆ ಹೋಗಬೇಡ; ಸಾಲ, ವಸೂಲಿ, ಮಾತಿಗೆ ತಪ್ಪಿದವನ ಮೇಲಿನ ಸಂಕಟ ಎಲ್ಲವೂ ಅಲ್ಲಿತ್ತು.

ಈಜಿಪ್ಟಿಗೆ ಬಂದರೆ ಪಿರಮಿಡ್ಡಿನ ಕಥೆ ನಿನಗೆ ಗೊತ್ತೇ ಇದೆ. ನಾನು ಹೇಳುವುದು ಎರಡನೆಯ ರಾಮ್ಸೆಸ್‌ನ ಮೂಗಿನ ಮಾತು. ಕ್ರಿ.ಪೂ. 1213ರಲ್ಲಿ ತೀರಿಕೊಂಡ ಆ ದೊರೆಯ ಮಮ್ಮಿಯ ಮೂಗಿನ ಹೊಳ್ಳೆಗಳಲ್ಲಿ ಕಾಳುಮೆಣಸು ಸಿಕ್ಕಿತು. ಕಾಳುಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ. ಎಷ್ಟು ಕೈ ದಾಟಿ ಅಲ್ಲಿಗೆ ಹೋಯಿತು, ಯಾರು ಕೊಂಡರು, ಯಾರು ಹೊತ್ತರು ಎಂಬ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಹೋದದ್ದಂತೂ ಹೌದು.

"ಅಷ್ಟು ಹಿಂದೆ ನಮ್ಮ ಕಾಳುಮೆಣಸಾ?" ಅಂತ ಕಣ್ಣರಳಿಸುತ್ತೀರಿ ಅಕ್ಕಾ. ಮುಂದೆ ಕೇಳಿ, ಇದು ನನಗೆ ಬಹಳ ಪ್ರಿಯವಾದ ಪ್ರಸಂಗ. ಕ್ರಿ.ಪೂ. 118ರ ಸುಮಾರಿಗೆ ಈಜಿಪ್ಟನ್ನು ಗ್ರೀಕ್ ಮೂಲದ ಟಾಲೆಮಿ ಅರಸರು ಆಳುತ್ತಿದ್ದರು. ಅವರ ಕರಾವಳಿ ಕಾವಲುಗಾರರಿಗೆ ಒಂದು ಹಡಗಿನಲ್ಲಿ ಅರೆಜೀವವಾಗಿ ಬಿದ್ದಿದ್ದ ಒಬ್ಬನೇ ಒಬ್ಬ ಮನುಷ್ಯ ಸಿಕ್ಕಿದ. ಅವನ ಮಾತು ಯಾರಿಗೂ ತಿಳಿಯಲಿಲ್ಲ. ಅರಸ ಅವನಿಗೆ ಗ್ರೀಕ್ ಕಲಿಸಲು ಏರ್ಪಾಡು ಮಾಡಿದ. ಭಾಷೆ ಬಂದ ಮೇಲೆ ಅವನು ಹೇಳಿದ: ನಾನು ಭಾರತದವನು, ದಿಕ್ಕು ತಪ್ಪಿತು, ಜೊತೆಯವರೆಲ್ಲ ಹಸಿವಿನಿಂದ ಸತ್ತರು, ನನ್ನನ್ನು ಊರಿಗೆ ತಲುಪಿಸಿದರೆ ದಾರಿ ತೋರಿಸುತ್ತೇನೆ. ಯೂಡಾಕ್ಸಸ್ ಎಂಬ ಗ್ರೀಕ್ ನಾವಿಕ ಅವನೊಂದಿಗೆ ಹೊರಟು ಭಾರತ ಮುಟ್ಟಿ, ಸುಗಂಧದ್ರವ್ಯ, ಹರಳುಗಳನ್ನು ತುಂಬಿಕೊಂಡು ಮರಳಿದ. ಭೂಗೋಳಕಾರ ಸ್ಟ್ರಾಬೋ ಇದನ್ನು ಬರೆದಿಟ್ಟಿದ್ದಾನೆ. ಯೂಡಾಕ್ಸಸ್‌ನ ಹೆಸರು ಉಳಿದಿದೆ. ದಾರಿ ತೋರಿಸಿದ ನಮ್ಮವನ ಹೆಸರು ಉಳಿದಿಲ್ಲ. ಅವನು ಯಾವ ಬಂದರಿನಿಂದ ಹೊರಟವನೋ, ಮನೆಗೆ ಮುಟ್ಟಿದನೋ ಇಲ್ಲವೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮುಂದಿನದು ಬೇಗ ಬೇಗ ನಡೆಯಿತು. ಕೆಂಪು ಸಮುದ್ರದ ಮಯೋಸ್ ಹರ್ಮೋಸ್ ಬಂದರಿನಿಂದ 120 ಹಡಗುಗಳು ಭಾರತಕ್ಕೆ ಹೋಗುತ್ತವೆ ಎಂದು ಅದೇ ಸ್ಟ್ರಾಬೋ ಹೇಳುತ್ತಾನೆ. ಬರುವಾಗ ನೈಋತ್ಯದ ಗಾಳಿ, ಹೋಗುವಾಗ ಈಶಾನ್ಯದ ಗಾಳಿ. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ಹೀರಿಕೊಳ್ಳುತ್ತಿದೆ, ಬರೀ ಖಾರ ಬಿಟ್ಟರೆ ಮತ್ತೊಂದು ಗುಣವಿಲ್ಲದ ಮೆಣಸಿಗೆ ಇಷ್ಟು ಹಂಬಲವೇ ಎಂದು ರೋಮಿನ ಪ್ಲಿನಿ ಗೊಣಗಿದ್ದಾನೆ. ಈಜಿಪ್ಟಿನ ಬೆರೆನಿಕೆ ಬಂದರಿನ ಗುಡಿಯೊಂದರ ಅಗೆತದಲ್ಲಿ ಭಾರತದ ಒಂದು ದೊಡ್ಡ ಹರವಿ ಸಿಕ್ಕಿತು. ಅದರೊಳಗೆ ಏಳೂವರೆ ಕಿಲೋ ಕಾಳುಮೆಣಸು ಹಾಗೇ ಇತ್ತು. ಅದೇ ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ಗುಡ್ಡೆಯಲ್ಲಿ ಸಿಕ್ಕಿದ ಗ್ರೀಕ್ ಪ್ರಹಸನದ ಸುದ್ದಿಯನ್ನು ನೀವೂ ಕೇಳಿರಬೇಕು. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹುಡುಗಿಯ ಕಥೆ. ನಡುವೆ ಇಲ್ಲಿಯ ಅರಸನೂ ಪರಿವಾರವೂ ಆಡುವ ಬೇರೆ ಭಾಷೆಯ ಮಾತುಗಳಿವೆ. ಅದು ಕನ್ನಡ ಎಂದು ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ವಾದಿಸಿದರು. ತುಳು ಎಂದವರಿದ್ದಾರೆ, ನಗಿಸಲು ಹಾಕಿದ ಅರ್ಥವಿಲ್ಲದ ಸದ್ದು ಎಂದವರೂ ಇದ್ದಾರೆ. ತೀರ್ಮಾನ ಏನೇ ಆಗಲಿ, ಈಜಿಪ್ಟಿನ ಊರೊಂದರ ಪ್ರೇಕ್ಷಕರಿಗೆ ನಮ್ಮ ಕಡಲತೀರ ಕಥೆ ಕಟ್ಟುವಷ್ಟು ಪರಿಚಿತವಾಗಿತ್ತು.

ರೋಮ್ ಬಿದ್ದದ್ದನ್ನು ನೀನು ಓದಿದ್ದೀಯಲ್ಲ, ಅಲ್ಲೂ ನಮ್ಮ ಮೆಣಸಿದೆ. 408ರಲ್ಲಿ ಗಾತ್ ದೊರೆ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ, ಬಿಟ್ಟು ಹೋಗಲು 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, ರೇಷ್ಮೆ ಅಂಗಿಗಳು, ಅದರ ಮೇಲೆ 3,000 ಪೌಂಡ್ ಮೆಣಸು ವಸೂಲು ಮಾಡಿದ. ರೋಮ್ ಬಿದ್ದ ಮೇಲೆ ಯುರೋಪಿಗೆ ಕತ್ತಲು ಕವಿಯಿತು ಎನ್ನುತ್ತದೆ ಪುಸ್ತಕ. ಇರಬಹುದು. ನಮ್ಮ ಸಮುದ್ರಕ್ಕೆ ಕತ್ತಲೇನೂ ಬರಲಿಲ್ಲ. ಅರಬರು, ಪರ್ಶಿಯನ್ನರು, ಗುಜರಾತಿಗಳು, ಯಹೂದಿಗಳು, ತಮಿಳರು, ಮಲಯದವರು ಹೋಗುತ್ತಲೇ ಇದ್ದರು, ಬರುತ್ತಲೇ ಇದ್ದರು.

ಅಬ್ರಹಾಂ ಬೆನ್ ಯಿಜು ಅಂತ ಒಬ್ಬ. ಟ್ಯುನೀಶಿಯದ ಯಹೂದಿ ವ್ಯಾಪಾರಿ. 1132ರ ಹೊತ್ತಿಗೆ ಮಂಗಳೂರಿಗೆ ಬಂದು ಹದಿನೇಳು ವರ್ಷದ ಹತ್ತಿರ ಇಲ್ಲೇ ಇದ್ದ. ಆಶು ಎಂಬ ಈ ಕರಾವಳಿಯ ಹೆಂಗಸನ್ನು ದಾಸ್ಯದಿಂದ ಬಿಡಿಸಿದ, ಮಕ್ಕಳಾದವು. ಕಂಚಿನ ಕಾರ್ಖಾನೆ ಇಟ್ಟಿದ್ದ. ಏಡನ್ನಿನ ಸ್ನೇಹಿತರು ಅಲ್ಲಿಯ ಒಡಕು ಪಾತ್ರೆಗಳನ್ನು ಹಡಗಿಗೆ ಹಾಕಿ ಇವನಿಗೆ ಕಳಿಸುವರು. ಮಂಗಳೂರಿನಲ್ಲಿ ಕರಗಿಸಿ ಹೊಸದು ಎರಕ ಹೊಯ್ದು ಮರಳಿ ಕಳಿಸಬೇಕು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ. ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ. ದೇವರ ಹೆಸರಿರುವ ಕಾಗದ ಹರಿಯಬಾರದೆಂದು ಕೈರೋದ ಯಹೂದಿ ಮಂದಿರದ ಕೋಣೆಯೊಂದರಲ್ಲಿ ಹಳೆ ಪತ್ರಗಳನ್ನೆಲ್ಲ ತುಂಬಿಡುತ್ತಿದ್ದರು. ಆದ್ದರಿಂದ ಇವನ ಕಾಗದಗಳು ಉಳಿದವು. ಅವುಗಳಲ್ಲಿ ಬೊಮ್ಮ ಎಂಬ ಈ ಕಡೆಯ ಆಳಿನ ಹೆಸರು ಬರುತ್ತದೆ. ಒಡೆಯನ ಸರಕು ತೆಗೆದುಕೊಂಡು ಸಮುದ್ರ ದಾಟಿ ಏಡನ್ನಿಗೆ ಹೋಗಿ ವ್ಯಾಪಾರ ಮುಗಿಸಿ ಬಂದವನು ಅವನು. ಮುಂದೆ ಏಡನ್ನಿನ ದೊಡ್ಡ ವರ್ತಕರು ತಮ್ಮ ಪತ್ರಗಳಲ್ಲಿ ಅವನಿಗೂ ಮರ್ಯಾದೆಯಿಂದ ನಮಸ್ಕಾರ ತಿಳಿಸುತ್ತಾರೆ. ಅಮಿತಾವ್ ಘೋಷ್ 1992ರಲ್ಲಿ ಈ ಬೊಮ್ಮನ ಬೆನ್ನು ಹತ್ತಿಯೇ ಒಂದು ಪುಸ್ತಕ ಬರೆದರು. ಮಧ್ಯಯುಗದ ಅಧ್ಯಾಯದಲ್ಲಿ ಊಳಿಗಮಾನ್ಯ ಪದ್ಧತಿಯ ಪಕ್ಕದಲ್ಲೇ ಬೊಮ್ಮನಿಗೂ ಎರಡು ಸಾಲಿನ ಜಾಗ ಇರಬೇಕಿತ್ತು ಎಂದು ನಾನು ಮನಸಾರೆ ನಂಬಿದ್ದೇನೆ.

ನಮ್ಮ ಹೊನ್ನಾವರವನ್ನು ಬಿಟ್ಟೆನೇ? ಇಲ್ಲ. 1340ರ ದಶಕದಲ್ಲಿ ಮೊರೊಕ್ಕೋದ ಇಬ್ನ್ ಬತೂತಾ ಇಲ್ಲಿ ಉಳಿದಿದ್ದ. ಈ ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಪಾಠಶಾಲೆ, ಗಂಡುಮಕ್ಕಳಿಗೆ 23 ಪಾಠಶಾಲೆ ನೋಡಿದೆ ಎಂದು ಬರೆದಿದ್ದಾನೆ. ಊಟವನ್ನೂ ಬಿಟ್ಟಿಲ್ಲ. ತಾಮ್ರದ ಹರಿವಾಣ, ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಹಸಿಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಹಸಿಮೆಣಸು ಎಂದರೆ ಬಳ್ಳಿಯ ಮೆಣಸು ಅಕ್ಕಾ, ಈಗಿನ ಹಸಿಮೆಣಸಿನಕಾಯಿ ಅಲ್ಲ. ಆ ಹರಿವಾಣದಲ್ಲಿ ಒಣಮೆಣಸು ಇಲ್ಲ, ಬಟಾಟೆ ಇಲ್ಲ, ಟೊಮೆಟೊ ಇಲ್ಲ, ಗೇರುಬೀಜವೂ ಇಲ್ಲ. ಅವೆಲ್ಲ ಅಮೆರಿಕದಿಂದ ಬರಬೇಕಿತ್ತು. ಮುಂದಿನ ಶತಮಾನದಲ್ಲಿ ಚೀನಾದ ಝೆಂಗ್ ಹೆ 1405ರಿಂದ 1433ರ ನಡುವೆ ಏಳು ಸಲ ಹಡಗುಪಡೆ ಕಟ್ಟಿಕೊಂಡು ಈ ಸಮುದ್ರಕ್ಕೆ ಬಂದ. ಮೊದಲನೆಯ ಸಲವೇ 27,000ದಷ್ಟು ಜನ. ಕಲ್ಲಿಕೋಟೆ ಅವರ ಮುಖ್ಯ ತಂಗುದಾಣ.

ಈಗ ನಿನ್ನ 1453ಕ್ಕೆ ಬರೋಣ ತಂಗಿ. ತುರ್ಕರು ಕಾನ್‌ಸ್ಟಾಂಟಿನೋಪಲ್ ಹಿಡಿದರು, ಸಾಂಬಾರ ಪದಾರ್ಥಗಳ ದಾರಿ ಮುಚ್ಚಿತು, ಅದಕ್ಕೇ ಯುರೋಪಿನವರು ಹೊಸ ದಾರಿ ಹುಡುಕಿದರು. ಹೀಗೆ ತಾನೆ ಕಲಿತದ್ದು? ವರ್ಷಗಳನ್ನು ಪಕ್ಕ ಪಕ್ಕ ಇಟ್ಟು ನೋಡು. ಪೋರ್ಚುಗಲ್ಲು ಆಫ್ರಿಕದ ಸ್ಯೂಟಾ ಬಂದರನ್ನು ಗೆದ್ದದ್ದು 1415ರಲ್ಲಿ. ಬೊಜದೋರ್ ಭೂಶಿರ ದಾಟಿದ್ದು 1434ರಲ್ಲಿ. ಕಾನ್‌ಸ್ಟಾಂಟಿನೋಪಲ್ ಬೀಳುವುದಕ್ಕೆ 38 ವರ್ಷ ಮೊದಲೇ ಅವರು ಹೊರಟಾಗಿತ್ತು. ಇನ್ನು ಮೆಣಸು ಯುರೋಪಿಗೆ ಹೋಗುತ್ತಿದ್ದ ಹೆದ್ದಾರಿ ಈಜಿಪ್ಟಿನ ಅಲೆಕ್ಸಾಂಡ್ರಿಯ. ಅಲ್ಲಿ ಮಾಮಲೂಕ್ ಸುಲ್ತಾನರು ಮಾರುತ್ತಿದ್ದರು, ವೆನಿಸ್ಸಿನವರು ಕೊಳ್ಳುತ್ತಿದ್ದರು. ತುರ್ಕರು ಈಜಿಪ್ಟ್ ಗೆದ್ದದ್ದು 1517ರಲ್ಲಿ, ಗಾಮ ಬಂದು ಹೋಗಿ ಹತ್ತೊಂಬತ್ತು ವರ್ಷಕ್ಕೆ. ದಾರಿ ಮುಚ್ಚಿರಲಿಲ್ಲ, ದಾರಿಯ ಸುಂಕವೂ ಲಾಭವೂ ಬೇರೆಯವರ ಕೈಯಲ್ಲಿತ್ತು. ಪೋರ್ಚುಗೀಸರಿಗೆ ಬೇಕಿದ್ದದ್ದು ಆ ಲಾಭ, ಆಫ್ರಿಕದ ಚಿನ್ನ, ಮತ್ತೆ ಮನುಷ್ಯರು. 1444ರಲ್ಲಿ ಪೋರ್ಚುಗಲ್ಲಿನ ಲಾಗೋಸ್‌ನಲ್ಲಿ ಆಫ್ರಿಕದಿಂದ ಹಿಡಿದು ತಂದ 235 ಜನರನ್ನು ಬಯಲಿಗೆ ನಿಲ್ಲಿಸಿ, ತಾಯಿ ಮಕ್ಕಳನ್ನು ಬೇರೆ ಮಾಡಿ ಹಂಚಿಕೊಂಡರು. ಅವರದೇ ಆಸ್ಥಾನದ ಚರಿತ್ರೆಕಾರ ಇದನ್ನು ಬರೆದಿದ್ದಾನೆ. ಅನ್ವೇಷಣೆಯ ಕಾರಣಗಳ ಪಟ್ಟಿಯಲ್ಲಿ ಈ ಸಂಗತಿ ಮೊದಲು ಬರಬೇಕು.

ಈಗ ನನ್ನ ಪ್ರಶ್ನೆಯನ್ನು ಕೊಲಂಬಸ್ಸಿಗೆ ಕೇಳು. 1492ರಲ್ಲಿ ಹೊರಟಾಗ ಅವನು ಲೂಯಿಸ್ ದ ತೋರೆಸ್ ಎಂಬ ದುಭಾಷಿಯನ್ನು ಕರೆದುಕೊಂಡಿದ್ದ. ಹೀಬ್ರೂ, ಅರಬ್ಬಿ ಬಲ್ಲವನು. ಏಷ್ಯಕ್ಕೆ ಹೋಗುತ್ತೇನೆ, ಅಲ್ಲಿ ಅರಬ್ಬಿ ನಡೆಯುತ್ತದೆ ಎಂಬ ಲೆಕ್ಕ. ಕ್ಯೂಬಾದಲ್ಲಿ ಚೀನಾದ ಮಹಾಖಾನನನ್ನು ಹುಡುಕಲು ಅವನನ್ನು ಒಳನಾಡಿಗೆ ಕಳಿಸಿದ. ಹಳ್ಳಿಯ ಜನ ಆದರದಿಂದ ಬರಮಾಡಿಕೊಂಡರು. ತೋರೆಸ್‌ನ ಒಂದು ಮಾತೂ ಅವರಿಗೆ ತಿಳಿಯಲಿಲ್ಲ. ಕೊನೆಗೆ ಕೊಲಂಬಸ್ ಅಲ್ಲಿಯವರನ್ನೇ ಹಿಡಿದು ಹಡಗಿಗೆ ಹಾಕಿಕೊಂಡು ಸ್ಪ್ಯಾನಿಷ್ ಕಲಿಸಿದ.

ಆರು ವರ್ಷ ಕಳೆದು 1498ರ ಮೇ ತಿಂಗಳು, ಕಲ್ಲಿಕೋಟೆ. ಆಫ್ರಿಕದ ಮಲಿಂದಿಯ ದೊರೆ ಕೊಟ್ಟ ಮಾರ್ಗದರ್ಶಿ ಹಡಗನ್ನು ನೇರ ನಮ್ಮ ತೀರಕ್ಕೆ ತಂದು ಮುಟ್ಟಿಸಿದ್ದಾನೆ. ಗಾಮ ಮೊದಲು ತಾನು ಇಳಿಯಲಿಲ್ಲ. ಗಡಿಪಾರಿನ ಶಿಕ್ಷೆಯಾಗಿದ್ದ ಒಬ್ಬ ಕೈದಿಯನ್ನು ಇಳಿಸಿದ. ಅವನಿಗೆ ದಡದಲ್ಲಿ ಸಿಕ್ಕವರು ಟ್ಯುನಿಸ್ಸಿನ ಇಬ್ಬರು ಮುಸ್ಲಿಂ ವರ್ತಕರು. ಇಬ್ಬರೂ ಸ್ಪೇನಿನ ಭಾಷೆಯಲ್ಲೇ ಅವನನ್ನು ಗದರಿಸಿ, ಇಷ್ಟು ದೂರ ಏಕೆ ಬಂದಿರಿ ಎಂದು ಕೇಳಿದರು. ಆಮೇಲೆ ಮನೆಗೆ ಕರೆದು ರೊಟ್ಟಿ, ಜೇನುತುಪ್ಪ ಕೊಟ್ಟರು. ಹತ್ತು ತಿಂಗಳು ಸಮುದ್ರ ಸುತ್ತಿ ಬಂದವನಿಗೆ ಎದುರಾದವರು ಅವನ ನೆರೆದೇಶದ ಮಾತಾಡುವವರು! ಕಲ್ಲಿಕೋಟೆಯ ದೊರೆ ಸಾಮೂದಿರಿಯ ಮುಂದೆ ಮಾತುಕತೆ ಅರಬ್ಬಿಯಲ್ಲಿ ನಡೆಯಿತು. ಗಾಮ ತಂದಿದ್ದ ಕಾಣಿಕೆ ಪಟ್ಟೆ ಬಟ್ಟೆ, ಟೊಪ್ಪಿ, ಕೈ ತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದು ಅಧಿಕಾರಿಗಳು ನಕ್ಕರು.

ಇದೇ ನೋಡು ವ್ಯತ್ಯಾಸ. ಕ್ಯೂಬಾದಲ್ಲಿ ಮಾತು ಹತ್ತಲಿಲ್ಲ, ಏಕೆಂದರೆ ಆ ಎರಡು ಲೋಕಗಳು ನಿಜಕ್ಕೂ ಮೊದಲ ಸಲ ಎದುರಾಗಿದ್ದವು. ಕಲ್ಲಿಕೋಟೆಯಲ್ಲಿ ಮೊದಲ ದಿನವೇ ಮಾತು ಹತ್ತಿತು, ಏಕೆಂದರೆ ಅದು ಸಾವಿರಾರು ವರ್ಷ ಸವೆದ ಸಂತೆದಾರಿ. ಆಫ್ರಿಕವನ್ನು ಸುತ್ತಿ ಬಂದದ್ದು ಸಾಹಸ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎರಡೂ ಸಂಗತಿಗೆ ಕಂಡುಹಿಡಿದ ಎಂಬ ಒಂದೇ ಕ್ರಿಯಾಪದ ಹಾಕುವುದು ತಪ್ಪು.

ಗಾಳಿಯ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದೂ ಆಗಲೇ ಗೊತ್ತಾಯಿತು. ಬಲ್ಲವನ ಜೊತೆ ಮಲಿಂದಿಯಿಂದ ಬರಲು ಮೂರು ನಾಲ್ಕು ವಾರ ಸಾಕಾಗಿತ್ತು. ಹಿಂದಿರುಗುವಾಗ ನಮ್ಮ ಕಾರವಾರದ ಎದುರಿನ ಅಂಜುದೀವ್ ನಡುಗಡ್ಡೆಯಲ್ಲಿ ಹಡಗು ರಿಪೇರಿ ಮಾಡಿಕೊಂಡು, ಈಶಾನ್ಯದ ಗಾಳಿ ಹಿಡಿಯುವವರೆಗೂ ಕಾಯದೆ ಅಕ್ಟೋಬರ್ 5ಕ್ಕೇ ಹೊರಟರು. ಆಫ್ರಿಕ ಕಾಣಲು ಮೂರು ತಿಂಗಳು ಹಿಡಿಯಿತು. ವಸಡು ಬಾತು ಹಲ್ಲು ಮುಚ್ಚಿ ತಿನ್ನಲಾಗದೆ 30 ಜನ ಸತ್ತರು. ಹಡಗು ನಡೆಸಲು ಒಂದೊಂದರಲ್ಲಿ ಏಳೆಂಟು ಜನ ಉಳಿದರು. ಜನ ಸಾಲದೆ ಒಂದು ಹಡಗನ್ನು ತಾವೇ ಸುಟ್ಟರು.

"ಹಾಗಾದರೆ ಹೊಸತು ಎಂತದೂ ಆಗಲಿಲ್ವಾ?" ಅಂತ ಕೇಳಿದೆಯಲ್ಲ, ಜಾಣೆ. ಹೊಸತು ಆದದ್ದು ತೋಪು ಮತ್ತು ಚೀಟಿ. 1502ರಲ್ಲಿ ಮತ್ತೆ ಬಂದ ಗಾಮ, ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳ ಸಮೇತ ಸುಟ್ಟ. ಆಮೇಲೆ ಕಾರ್ತಾಜ್ ಎಂಬ ರಹದಾರಿ ಚೀಟಿ ಬಂತು. ಅವರ ಚೀಟಿ ಇಲ್ಲದ ಹಡಗು ಅವರ ಲೂಟಿಗೆ. ಯಾರಪ್ಪನ ಸೊತ್ತೂ ಅಲ್ಲದ ಸಮುದ್ರಕ್ಕೆ ಬೇಲಿ ಹಾಕಿದ್ದು ಆಗ. ದಾರಿ ತೋರಿಸಿದವರ ಪಾಲಿಗೂ ಕಾಲ ಕೆಟ್ಟಿತು. ಮೆಕ್ಸಿಕೊದಲ್ಲಿ 1519ರಲ್ಲಿ ಸ್ಪೇನಿನ ದಂಡನಾಯಕ ಕೊರ್ತೆಸ್‌ನಿಗೆ ಇಪ್ಪತ್ತು ಹೆಂಗಸರನ್ನು ಕಾಣಿಕೆಯಾಗಿ ಕೊಟ್ಟರು. ಅವರಲ್ಲೊಬ್ಬಳು ಮಲಿಂತ್ಸಿನ್. ಅವಳು ಅಜ್ಟೆಕರ ನಹುವಾತ್ಲ್‌ನಿಂದ ಮಾಯಾ ಭಾಷೆಗೆ ಹೇಳುವಳು, ಮಾಯಾ ಜನರ ನಡುವೆ ವರ್ಷಗಟ್ಟಲೆ ಇದ್ದ ಸ್ಪೇನಿನವನೊಬ್ಬ ಅದನ್ನು ಸ್ಪ್ಯಾನಿಷ್‌ಗೆ ಹೇಳುವನು. ಒಂದು ಸಾಮ್ರಾಜ್ಯ ಆ ಎರಡು ನಾಲಿಗೆಗಳ ಮೇಲೆ ಹಾದು ಮುಗಿಯಿತು. ಮಾರಿಹೋದ ಹೆಣ್ಣುಮಗಳನ್ನು ದ್ರೋಹಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮಲ್ಲೂ ಒಬ್ಬನಿದ್ದ. ಇದನ್ನು ಹೇಳಲು ಸಂಕಟವಾಗುತ್ತದೆ, ಹೇಳದೆ ಬಿಡಲೂ ಆಗದು. ಹೊನ್ನಾವರದ ನೌಕಾನಾಯಕ ತಿಮ್ಮಯ್ಯ, ಪೋರ್ಚುಗೀಸರು ತಿಮೋಜ ಎಂದು ಬರೆದವನು, 1510ರಲ್ಲಿ ಅವರ ಗವರ್ನರ್ ಅಲ್ಬುಕರ್ಕ್‌ಗೆ ಗೋವದ ಮೇಲೆ ಬೀಳಲು ಇದೇ ಸಮಯ ಎಂದು ಹೇಳಿ ಜೊತೆಗೆ ಹೋದ. ಗೋವ 1961ರವರೆಗೆ ಅವರ ಕೈಯಲ್ಲಿ ಉಳಿಯಿತು.

ಹೋಗು ತಂಗಿ, ಓದು. 1453 ಅಂತಲೇ ಬರೆ, ಅಂಕ ಕಳೆದುಕೊಳ್ಳುವುದು ಬೇಡ. ಅದರ ಕೆಳಗೆ 1415, 1517 ಎರಡನ್ನೂ ಸೇರಿಸಿ ಬರೆ. ಅಕ್ಕಾ, ಪರೀಕ್ಷೆ ಮುಗಿದ ಮೇಲೆ ಅವಳನ್ನು ಗೇರುಸೊಪ್ಪೆಯ ನಗರಬಸ್ತಿಕೇರಿಗೆ ಕರೆದುಕೊಂಡು ಹೋಗಿ, ನಾಲ್ಕು ಬಾಗಿಲಿನ ಚತುರ್ಮುಖ ಬಸದಿಯನ್ನು ತೋರಿಸಿ. ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಚೆನ್ನಭೈರಾದೇವಿಯ ರಾಜಧಾನಿ ಅದು.